ಹೊಲದಲ್ಲಿ ಸಿಕ್ಕ ಚಿರತೆ ಮರಿ

ಅರಸೀಕೆರೆಯ ಕುರುಚಲು ಗುಡ್ಡಗಳ ಅಂಚಿನಲ್ಲಿ, ಬೇಲೂರು-ಹಳೇಬೀಡು ಕಡೆಯ ಎತ್ತರದ ಮುಸುಕಿನ ಜೋಳದ ಹೊಲಗಳಲ್ಲಿ ಚಿರತೆ ಮರಿ ಹಾಕುವುದುಂಟು. ಕಟಾವಿನ ವೇಳೆ ಕಂಡ ಮರಿಯನ್ನು ತಬ್ಬಲಿಯೆಂದು ಬಗೆದು ಮನೆಗೆ ತಂದು ಸಾಕುವ ಆಸೆ ಸಹಜ. ಮರಿಗೆ ಮಾತ್ರ ಅದು ಮಾರಕ.

ಬಹುಪಾಲು ತಾಯಿ ಬೇಟೆಗೆ ಹೋಗಿರುತ್ತದೆ, ಇಲ್ಲವೇ ಜನರ ಸದ್ದಿಗೆ ದೂರ ಸರಿದಿರುತ್ತದೆ. ಕತ್ತಲಾದ ಮೇಲೆ ಬರುತ್ತದೆ. ಚಿರತೆಯ ಹಾಲಿನಲ್ಲಿ ಸಸಾರಜನಕ, ಕೊಬ್ಬು ಹೆಚ್ಚು. ಸಕ್ಕರೆ ಅಂಶ ಕಡಿಮೆ. ಹಸುವಿನ ಹಾಲು ಕುಡಿಸಿದರೆ ಭೇದಿಯಾಗಿ ಮರಿ ನಿತ್ರಾಣಗೊಳ್ಳುತ್ತದೆ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತೀರ ಎಳೆಯ ಮರಿ ತಾಯಿ ನೆಕ್ಕದಿದ್ದರೆ ಮಲಮೂತ್ರವನ್ನೂ ಮಾಡಲಾರದು. ಪಶುವೈದ್ಯರ ಆರೈಕೆಯಿದ್ದ ಬನ್ನೇರುಘಟ್ಟದಲ್ಲೇ 2023ರಲ್ಲಿ ಲಸಿಕೆ ಹಾಕಿದ್ದ 7 ಚಿರತೆ ಮರಿಗಳು ಬೆಕ್ಕಿನ ಜಾತಿಗೆ ತಗಲುವ ಪ್ಯಾನ್‌ಲ್ಯುಕೋಪೀನಿಯಾ ರೋಗದಿಂದ ಸತ್ತವು. ಕೊಟ್ಟಿಗೆಯಲ್ಲಿ ಸಾಕುವ ಮಾತೆಲ್ಲಿ! ಉಳಿದುಕೊಂಡರೂ ಬೇಟೆ ಕಲಿಯದೆ, ಮನುಷ್ಯರಿಗೆ ಅಂಜದೆ ಬೆಳೆದ ಚಿರತೆಯನ್ನು ಕಾಡಿಗೆ ಬಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಸಾಕುವುದು ಅಪರಾಧವೂ ಹೌದು.

ಮರಿ ಕಂಡೊಡನೆ ಕೊಯ್ಲು ನಿಲ್ಲಿಸಿ, ನಾಯಿಗಳನ್ನು ಕಟ್ಟಿಹಾಕಿ, ಅರಣ್ಯ ಇಲಾಖೆಯ 1926ಕ್ಕೆ ತಿಳಿಸಬೇಕು. ತಾಯಿ ಹತ್ತಿರದಲ್ಲೇ ಇರಬಹುದಾದ್ದರಿಂದ ಗುಂಪುಗೂಡಕೂಡದು. ಸಿಬ್ಬಂದಿ ಮರಿಯನ್ನು ಪರೀಕ್ಷಿಸಿ, ಸಂಜೆ ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲಿಟ್ಟು ದೂರದಿಂದ ಕಾಯುತ್ತಾರೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸದೆಂಬ ನಂಬಿಕೆ ಸರಿಯಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆಯ ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಎಷ್ಟೋ ಮರಿಗಳನ್ನು ತಾಯಿ ಹೀಗೆಯೇ ಕಚ್ಚಿಕೊಂಡು ಹೋಗಿದೆ. ಮೊದಲ ರಾತ್ರಿ ಬಾರದಿದ್ದರೆ ಮರುದಿನವೂ ಇಡುತ್ತಾರೆ. ಅಲ್ಲಿಯವರೆಗೆ ಆ ಮೂಲೆಯ ಜೋಳವನ್ನು ಕೊಯ್ಯದೆ ಬಿಡಬೇಕು.