ಮನೆಯ ಕಾಗದ ಬ್ಯಾಂಕಿಗೆ ಹೋದ ಮೇಲೆ

ಮಗನಿಗೋ ಮಗಳಿಗೋ ದೂರದ ಊರಿನಲ್ಲಿ ಕಾಲೇಜು ಸೀಟು ಸಿಕ್ಕಿತೆಂದರೆ ಮಲೆನಾಡಿನ ಮನೆಗಳಲ್ಲಿ ಸಂತೋಷದ ಹಿಂದೆಯೇ ಇನ್ನೊಂದು ಕೆಲಸ ಶುರುವಾಗುತ್ತದೆ. ಬೀರುವಿನ ಕೆಳಖಾನೆಯಿಂದ ಕ್ರಯಪತ್ರ, ವಿಭಾಗಪತ್ರ, ಪಹಣಿ, ಕಂದಾಯದ ರಸೀದಿಗಳ ಕಟ್ಟು ಹೊರಗೆ ಬರುತ್ತದೆ. ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನಂಥ ಊರಿನಲ್ಲಿ ಸಾಮಾನ್ಯ ಕುಟುಂಬವೊಂದಕ್ಕೆ ಆಸ್ತಿ ಎಂದರೆ ಎರಡೇ. ಒಂದು ಅಡಿಕೆ ತೋಟ, ಇನ್ನೊಂದು ವಾಸದ ಮನೆ. ಬ್ಯಾಂಕು ಕೇಳುವುದೂ ಅವೆರಡರ ಕಾಗದವನ್ನೇ.

ಎಲ್ಲ ಶಿಕ್ಷಣ ಸಾಲಕ್ಕೂ ಆಸ್ತಿ ಒತ್ತೆ ಇಡಬೇಕಾಗಿಲ್ಲ ಎಂಬುದು ಎಷ್ಟೋ ಪೋಷಕರಿಗೆ ತಿಳಿದಿರುವುದಿಲ್ಲ. ನಾಲ್ಕು ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುವಂತಿಲ್ಲ. ಸರ್ಕಾರದ ಖಾತರಿ ನಿಧಿಯ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೂ ಆಸ್ತಿಯಿಲ್ಲದೆ ಸಾಲ ಸಿಗುತ್ತದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಒತ್ತೆಯೂ ಬೇಡ, ಜಾಮೀನುದಾರರೂ ಬೇಡ. ಅದಕ್ಕಿಂತ ಹೆಚ್ಚಿನ ಮೊತ್ತ ಬೇಕಾದಾಗ ಮನೆಯ ಕಾಗದದ ಮಾತು ಬರುತ್ತದೆ. ಆಗ ಸಾಲದ ಪತ್ರಕ್ಕೆ ವಿದ್ಯಾರ್ಥಿಯ ಜೊತೆಗೆ ತಂದೆಯೋ ತಾಯಿಯೋ ಸಹ ಸಾಲಗಾರರಾಗಿ ಸಹಿ ಹಾಕುತ್ತಾರೆ. ಮುಂದೆ ನೋಟಿಸು ಬರುವುದು ಆ ಸಹಿಯ ವಿಳಾಸಕ್ಕೆ.

ಒಂದು ಮನೆಯ ಲೆಕ್ಕ ನೋಡೋಣ. ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭವಾಗಬೇಕು. ಮಗನಿಗೆ ಕೆಲಸ ಸಿಗಲಿಲ್ಲ. ತೋಟದ ಆದಾಯದಿಂದ ಕಟ್ಟೋಣವೆಂದರೆ ಹಳದಿ ಎಲೆ ರೋಗ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ಬೆಳೆಗಾರರಿಗೆ ಈ ರೋಗ ದಶಕಗಳ ಹಳೆಯ ನೆಂಟ. ಇತ್ತೀಚಿನ ವರ್ಷಗಳಲ್ಲಿ ಅದರ ಜೊತೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ಕಂತು ತಪ್ಪಿ 90 ದಿನ ಕಳೆದರೆ ಸಾಲ ‘ಅನುತ್ಪಾದಕ’ವೆಂದು ಬ್ಯಾಂಕಿನ ಪುಸ್ತಕದಲ್ಲಿ ನಮೂದಾಗುತ್ತದೆ. ಊರ ಮಾತಿನಲ್ಲಿ ಹೇಳುವುದಾದರೆ ಸುಸ್ತಿ ಸಾಲ.

ಹಿಂದೆ ಬ್ಯಾಂಕು ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು. ದಾವೆ, ಡಿಕ್ರಿ, ಅಮಲ್ಜಾರಿ ಎಂದು ಅಪ್ಪನ ಕಾಲದ ಕೇಸು ಮಗನ ಕಾಲಕ್ಕೂ ಮುಂದುವರಿಯುತ್ತಿತ್ತು. ಹಳ್ಳಿಗೆ ಜಪ್ತಿಗೆ ಬಂದವರನ್ನು ರೈತರು ತಡೆದದ್ದೂ ಉಂಟು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಬೋರ್ಡು ಹಾಕಿಸಿದ್ದು, ಜಪ್ತಿಯಾದ ಸಾಮಾನನ್ನು ‘ಮರುಜಪ್ತಿ’ ಮಾಡಿ ತಂದದ್ದು ಆ ದಶಕದ ಕಥೆ. 1993ರಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗಳ ಕಾನೂನು ಬಂತು. 2002ರಲ್ಲಿ ಬಂದ ಸರ್ಫೇಸಿ ಕಾಯ್ದೆ ಇನ್ನೂ ಮುಂದೆ ಹೋಗಿ, ಕೋರ್ಟಿನ ಮೆಟ್ಟಿಲು ಹತ್ತದೆಯೇ ಒತ್ತೆಯ ಆಸ್ತಿಯನ್ನು ವಶಕ್ಕೆ ಪಡೆದು ಮಾರುವ ಅಧಿಕಾರವನ್ನು ಬ್ಯಾಂಕಿನ ಕೈಗೇ ಕೊಟ್ಟಿತು. ಇದು ಬ್ಯಾಂಕಿನವರ ದಬ್ಬಾಳಿಕೆ ಎಂದುಬಿಡುವುದು ಸುಲಭ. ಆದರೆ ಬ್ಯಾಂಕು ಸಾಲ ಕೊಡುವುದು ಠೇವಣಿದಾರರ ಹಣದಿಂದ. ಅದೇ ಊರಿನ ನಿವೃತ್ತ ಮೇಷ್ಟರ ಉಳಿತಾಯವೂ ಅದರಲ್ಲಿ ಇರಬಹುದು.

ಕಾಯ್ದೆ ಬ್ಯಾಂಕಿಗೆ ಬಲ ಕೊಟ್ಟಿತಾದರೂ ಹೆಜ್ಜೆ ಹೆಜ್ಜೆಗೂ ದಿನಗಳ ಲೆಕ್ಕವನ್ನು ಇಟ್ಟಿದೆ. ಸಾಲಗಾರ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ್ದು ಅದನ್ನೇ. ಮೊದಲು ಬರುವುದು 60 ದಿನಗಳ ಗಡುವಿನ ನೋಟಿಸು. ಅದಕ್ಕೆ ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಹೇಳಿ ಉತ್ತರಿಸಲೇಬೇಕು. ಬಡ್ಡಿಯ ಲೆಕ್ಕ ತಪ್ಪಿದ್ದರೆ, ಕಟ್ಟಿದ ಕಂತು ಜಮೆಯಾಗದಿದ್ದರೆ ಹೇಳಬೇಕಾದ ಜಾಗ ಇದು. ಗಡುವು ಮುಗಿದ ಮೇಲೆ ಆಸ್ತಿ ವಶದ ನೋಟಿಸು ಮನೆಯ ಗೋಡೆಗೆ ಅಂಟುತ್ತದೆ; ಎರಡು ಪತ್ರಿಕೆಗಳಲ್ಲೂ ಪ್ರಕಟವಾಗುತ್ತದೆ, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಹೆಚ್ಚಿನ ಸಂದರ್ಭದಲ್ಲಿ ಇದು ಕಾಗದದ ಮೇಲಿನ ವಶ ಮಾತ್ರ, ಮನೆಯವರು ಮನೆಯಲ್ಲೇ ಇರುತ್ತಾರೆ. ಆ ದಿನದಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅರ್ಜಿಗೆ ಮೊದಲೇ ಬಾಕಿಯ ಮುಕ್ಕಾಲು ಪಾಲು ಠೇವಣಿ ಇಡಬೇಕೆಂದು ಮೂಲ ಕಾಯ್ದೆಯಲ್ಲಿ ಇತ್ತು. ಮರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ಅದನ್ನು ತೆಗೆದುಹಾಕಿತು. ನ್ಯಾಯಮಂಡಳಿ ಇರುವುದು ಮಾತ್ರ ಬೆಂಗಳೂರಿನಲ್ಲಿ. ಸೀತೂರಿನಿಂದ ಹೋಗಿ ಬರುವ ಖರ್ಚು, ವಕೀಲರ ಶುಲ್ಕ ಇವೂ ಸಾಲದ ಬಾಬ್ತಿಗೇ ಸೇರುತ್ತವೆ ಎನ್ನಬೇಕು.

ಹರಾಜಿಗೆ ಮುನ್ನ ಮತ್ತೆ 30 ದಿನಗಳ ನೋಟಿಸು. ಅಧಿಕೃತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಕನಿಷ್ಠ ದರ ನಿಗದಿ ಮಾಡಬೇಕು. ಮಾರಿ ಬಂದ ಹಣ ಬಾಕಿಗಿಂತ ಹೆಚ್ಚಾದರೆ ಉಳಿದದ್ದು ಮನೆಯವರಿಗೆ ಸೇರಬೇಕು. ಬಾಕಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದವರೆಗೂ ಇದೆ ಎಂದೇ ಬಹಳ ಜನ ನಂಬಿದ್ದಾರೆ. 2016ರ ತಿದ್ದುಪಡಿ ಅದನ್ನು ಹರಾಜು ಪ್ರಕಟಣೆ ಹೊರಡುವವರೆಗೆ ಎಂದು ಮೊಟಕು ಮಾಡಿತು. 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಿಜಿಸ್ಟರ್ಡ್ ಅಂಚೆಯನ್ನು ತೆಗೆದುಕೊಳ್ಳದೆ ವಾಪಸು ಕಳಿಸಿದರೆ ಬ್ಯಾಂಕು ಸುಮ್ಮನಾಗುತ್ತದೆ ಎಂಬುದೂ ಅಂಥದೇ ನಂಬಿಕೆ. ಕಳೆದುಹೋಗುವುದು ಮನೆಯವರ ಆ 60 ದಿನಗಳು ಮಾತ್ರ.

ಇನ್ನು ತೋಟದ ವಿಚಾರ. ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಆದರೆ ಪಹಣಿಯಲ್ಲಿ ಕೃಷಿ ಎಂದು ಬರೆದಿದ್ದರಷ್ಟೇ ಸಾಲದು, ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿದೆಯೇ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಅಡಿಕೆ ಮರಗಳ ನಡುವೆಯೇ ಮನೆ ಇರುವ ಮಲೆನಾಡಿನಲ್ಲಿ ಈ ಗೆರೆ ಎಳೆಯುವುದು ಸುಲಭವಲ್ಲ. ಭೂಪರಿವರ್ತನೆಯಾದ ಜಾಗದ ಮನೆಗೆ, ಪೇಟೆಯ ಸೈಟಿಗೆ ಈ ರಕ್ಷಣೆ ಇಲ್ಲ. ಕಾಫಿಯದು ಇನ್ನೊಂದು ತಕರಾರು. ಅದು ವಾಣಿಜ್ಯ ಬೆಳೆ ಎಂಬುದು ಬ್ಯಾಂಕುಗಳ ವಾದ. ತಮ್ಮನ್ನೂ ಕಾಯ್ದೆಯಿಂದ ಹೊರಗಿಡಬೇಕೆಂದು ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಕೇಂದ್ರವನ್ನು ಕೇಳುತ್ತ ಬಂದಿದ್ದಾರೆ.

ಹೊರಗಿಟ್ಟ ಮಾತ್ರಕ್ಕೆ ತೋಟದ ಸಾಲ ಮನ್ನಾ ಆಯಿತೆಂದಲ್ಲ. ಬ್ಯಾಂಕು ಸಿವಿಲ್ ಕೋರ್ಟಿಗೆ, ಬಾಕಿ 20 ಲಕ್ಷಕ್ಕೆ ಮುಟ್ಟಿದ್ದರೆ ನ್ಯಾಯಮಂಡಳಿಗೆ ಹೋಗಬಹುದು. ಸೊಸೈಟಿಯ ಸಾಲವಾದರೆ ಸಹಕಾರ ಕಾಯ್ದೆಯ ದಾರಿ ಬೇರೆ. ಸಹಕಾರಿ ಬ್ಯಾಂಕುಗಳಿಗೂ ಸರ್ಫೇಸಿ ಅನ್ವಯಿಸುತ್ತದೆಂದು ಸಂವಿಧಾನ ಪೀಠ 2020ರಲ್ಲಿ ತೀರ್ಪಿತ್ತಿದೆ.

ಇಷ್ಟಕ್ಕೆಲ್ಲ ಬರುವ ಮೊದಲೇ ಒಂದು ಬಾಗಿಲು ಇರುತ್ತದೆ. ಕೆಲಸ ಸಿಗದ ವಿದ್ಯಾರ್ಥಿಯ ಕಂತನ್ನು ಮುಂದೂಡುವುದು, ಅವಧಿ ಹಿಗ್ಗಿಸುವುದು, ಒಂದೇ ಕಂತಿನಲ್ಲಿ ರಿಯಾಯಿತಿಯ ತೀರುವಳಿ ಮಾಡಿಕೊಳ್ಳುವುದು, ಇವೆಲ್ಲ ಶಾಖೆಯಲ್ಲಿ ಕೇಳಿ ನೋಡಬಹುದಾದ ಸಂಗತಿಗಳು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲವಾದ್ದರಿಂದ ಅರ್ಜಿ ಬರೆದು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳುವುದು ಒಳ್ಳೆಯದು. ಜಾಮೀನು ನಿಂತ ಚಿಕ್ಕಪ್ಪನೋ ಭಾವನೋ ಇದ್ದರೆ ಅವರಿಗೂ ವಿಷಯ ತಿಳಿಸಿರಬೇಕು. ಬ್ಯಾಂಕು ಅವರನ್ನು ಮೂಲ ಸಾಲಗಾರನಷ್ಟೇ ಹೊಣೆಗಾರರೆಂದು ನೋಡುತ್ತದೆ.

ಸಾಲ ತೀರಿದ ಮೇಲೂ ಕಾಗದ ಬ್ಯಾಂಕಿನಲ್ಲೇ ಉಳಿದುಬಿಡುವುದು ಹಳೆಯ ದೂರು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಪೂರ್ತಿ ಕಟ್ಟಿದ 30 ದಿನದೊಳಗೆ ಮೂಲಪತ್ರಗಳನ್ನು ವಾಪಸು ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಕೊಡಬೇಕು. ತೋಟದ ಮೇಲೂ ಸಾಲವಿದ್ದರೆ ಪಹಣಿಯ ಋಣದ ಕಲಮಿನಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ತೀರುವಳಿ ಪತ್ರ ಹಿಡಿದು ಇನ್ನೊಮ್ಮೆ ನರಸಿಂಹರಾಜಪುರದ ತಾಲ್ಲೂಕು ಕಚೇರಿಗೆ ಹೋಗಿ ಬರಬೇಕಾದೀತು.