ದಂತಮೂಲವು ಕೂಡುವ ತನಕ: ತಾತ್ಕಾಲಿಕ ಹಲ್ಲಿನ ವಿಚಾರ

ಕಳೆದುಹೋದ ಹಲ್ಲಿನ ಸ್ಥಾನವನ್ನು ತುಂಬುವ ಪ್ರಯತ್ನವು ಬಹು ಪ್ರಾಚೀನವಾದುದು. ಇಟಲಿಯ ಎಟ್ರುಸ್ಕರು ಕ್ರಿಸ್ತಪೂರ್ವದಲ್ಲಿಯೇ ಚಿನ್ನದ ಪಟ್ಟಿಯಿಂದ ಬದಲಿ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ದವಡೆಯ ಮೂಳೆಯಲ್ಲಿ ಟೈಟೇನಿಯಂ ಲೋಹದ ಬೇರನ್ನು ನೆಡುವ ಇಂದಿನ ಇಂಪ್ಲಾಂಟ್ ಪದ್ಧತಿಯಾದರೋ ಸ್ವೀಡನ್ನಿನ ಬ್ರೋನೆಮಾರ್ಕರ ಸಂಶೋಧನೆಯ ಫಲ. ಅವರು ಅದನ್ನು 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಕಬ್ಬಿಣವು ತೇವದಲ್ಲಿ ತುಕ್ಕು ಹಿಡಿಯುವುದೆಂಬುದನ್ನು, 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಭದ್ರಾವತಿಯವರಿಗೆ ನಾವು ಹೇಳಬೇಕಾಗಿಲ್ಲ. ಟೈಟೇನಿಯಂ ಮೇಲಾದರೆ ತೆಳುವಾದ ಆಕ್ಸೈಡ್ ಪೊರೆಯುಂಟಾಗಿ ಲೋಹವನ್ನು ಕಾಯುತ್ತದೆ. ಮೂಳೆಯು ಅದಕ್ಕೆ ಬೆಸೆದುಕೊಳ್ಳುತ್ತದೆ.

ಈ ಬೆಸುಗೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಅಷ್ಟರಲ್ಲಿ ಬೇರು ಅಲುಗಾಡಿದರೆ ಅದರ ಸುತ್ತ ಮೂಳೆಗೆ ಬದಲಾಗಿ ನಾರಿನಂತಹ ಮೆತ್ತನೆಯ ಅಂಗಾಂಶವು ಬೆಳೆದು, ವೆಚ್ಚವೂ ಶ್ರಮವೂ ವ್ಯರ್ಥವಾಗಬಹುದು. ಆದುದರಿಂದ ತಾತ್ಕಾಲಿಕ ಹಲ್ಲನ್ನು ಅದರ ಅಂದದಿಂದ ಅಳೆಯುವ ಮೊದಲು, ಅದು ಗಾಯದ ಮೇಲೆ ಎಷ್ಟು ಭಾರ ಹೊರಿಸುವುದೆಂದು ವಿಚಾರಿಸಬೇಕು.

ರೂಢಿಯಲ್ಲಿರುವ ಮುಖ್ಯ ವಿಧಾನಗಳು ನಾಲ್ಕು. ಒಂದು, ತೆಗೆದಿಡಬಹುದಾದ ಅಕ್ರಿಲಿಕ್ ಹಲ್ಲಿನ ಸೆಟ್ಟು. ಇದಕ್ಕೆ ಖರ್ಚು ಕಡಿಮೆ. ಆದರೆ ಒಸಡಿನ ಮೇಲೆ ಕೂರುವುದರಿಂದ, ಗಾಯವನ್ನು ಒತ್ತದಂತೆ ಒಳಬದಿಯನ್ನು ತೇಯಿಸಿಕೊಳ್ಳಬೇಕು. ಎರಡು, ಉಳಿದ ಹಲ್ಲುಗಳ ಮೇಲೆ ಕೂರುವ ಪಾರದರ್ಶಕ ಕವಚ. ಇದು ಒಸಡನ್ನು ಮುಟ್ಟದು. ಊಟದ ವೇಳೆ ಇದನ್ನು ತೆಗೆಯಬೇಕು. ಮೂರು, ಪಕ್ಕದ ಹಲ್ಲುಗಳ ಹಿಂಬದಿಗೆ ಅಂಟಿಸುವ ಸೇತುವೆ. ಇದು ಕದಲದು, ಅಂಟು ಬಿಟ್ಟಾಗ ಪುನಃ ವೈದ್ಯರಲ್ಲಿಗೆ ಹೋಗಬೇಕು. ನಾಲ್ಕು, ನೆಟ್ಟ ಬೇರಿನ ಮೇಲೆಯೇ ಕೂಡಲೆ ಇರಿಸುವ ಹಲ್ಲು. ಬೇರು ಮೊದಲಿನಿಂದಲೇ ಬಿಗಿಯಾಗಿ ನಿಂತಿದ್ದರೆ ಮಾತ್ರ ಇದು ಸಾಧ್ಯ; ಆಗಲೂ ಎದುರಿನ ಹಲ್ಲು ಇದಕ್ಕೆ ತಾಗದಂತೆ ನೋಡಿಕೊಳ್ಳುವುದುಂಟು.

ಪಾಠ ಹೇಳುವವರಿಗೆ ಇನ್ನೊಂದು ಚಿಂತೆಯಿದೆ. ನಮ್ಮ ವ್ಯಾಕರಣವು ತವರ್ಗ, ಲಕಾರ, ಸಕಾರಗಳನ್ನು ದಂತ್ಯಗಳೆಂದೂ ವಕಾರವನ್ನು ದಂತೋಷ್ಠ್ಯವೆಂದೂ ಕರೆದಿರುವುದು ನಿಷ್ಕಾರಣವಲ್ಲ. ಮೇಲಿನ ಮುಂಬಲ್ಲು ಹೋದರೆ ಇವುಗಳ ಉಚ್ಚಾರಣೆ ಕೆಡಬಹುದು. ಅಂಗುಳನ್ನು ಮುಚ್ಚುವ ಸೆಟ್ಟು ಮೊದಲ ಕೆಲವು ದಿನ ನಾಲಗೆಗೆ ತೊಡಕಾಗುತ್ತದೆ; ಗಟ್ಟಿಯಾಗಿ ಓದುವ ಅಭ್ಯಾಸದಿಂದ ಅದು ಕ್ರಮೇಣ ಸರಿಹೋಗುವುದು.

ಬಾವು ಇಳಿದು ಒಸಡು ಕುಗ್ಗಿದಂತೆ ಸೆಟ್ಟನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರು. ಚಿಕಿತ್ಸೆಗಾಗಿ ಅಲ್ಲಿಗೆ ಹೋಗುವವರು ನೋವಿಲ್ಲವೆಂಬ ಕಾರಣಕ್ಕೆ ಈ ನಡುವಿನ ಭೇಟಿಗಳನ್ನು ಬಿಡಬಾರದು. ಹೊಗೆಸೊಪ್ಪು ಗಾಯ ಮಾಯುವುದನ್ನು ತಡೆಯುತ್ತದೆ. ಹತೋಟಿಯಲ್ಲಿಲ್ಲದ ಮಧುಮೇಹವೂ ಅಂತೆಯೇ. ಅಡಕೆಯ ಸೀಮೆಯವರಾದ ನಾವು ಆ ಕೆಲವು ತಿಂಗಳಾದರೂ ಗಟ್ಟಿ ಅಡಕೆಯನ್ನು ಆ ಹಲ್ಲಿನಿಂದ ದೂರವಿಡುವುದು ಲೇಸು.