ಅಪ್ಪನ ಕೈಯಲ್ಲಿ ಕಾರಿನ ಕೀ

ಜುಲೈ ಬಂತೆಂದರೆ ದುಬೈ, ಶಾರ್ಜಾ, ಅಬುಧಾಬಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಸೂಟ್‌ಕೇಸ್ ತೂಗುವ ಗಡಿಬಿಡಿ. ಖರ್ಜೂರ, ಬಾದಾಮಿ, ಟ್ಯಾಂಗ್ ಡಬ್ಬ ಎಲ್ಲವೂ ತೂಕದೊಳಗೆ ಹಿಡಿಸಬೇಕಲ್ಲ! ಊರು ತಲುಪಿದ ಮೇಲೆ ನಾವು ಮಾಡುವ ಮೊದಲ ಕೆಲಸ ಅಪ್ಪನ ಕೈಯಿಂದ ಕಾರಿನ ಕೀ ತೆಗೆದುಕೊಳ್ಳುವುದು. "ನೀವು ಆರಾಮಾಗಿ ಕೂತ್ಕೊಳ್ಳಿ ಅಪ್ಪ, ನಾನು ಓಡಿಸ್ತೀನಿ." ಪ್ರೀತಿಯ ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಉಳಿದ ಹನ್ನೊಂದು ತಿಂಗಳು ಅಪ್ಪ ಹೇಗೆ ಓಡಿಸುತ್ತಾರೆ ಎಂಬುದು ಇದರಿಂದ ನಮಗೆ ತಿಳಿಯುವುದೇ ಇಲ್ಲ.

ನನ್ನ ತಲೆಗೆ ಈ ಹುಳ ಬಿಟ್ಟವರು ಮೈಸೂರಿನ ದೊಡ್ಡಪ್ಪ. ಬ್ಯಾಂಕಿನಿಂದ ನಿವೃತ್ತರಾದವರು, ನಲವತ್ತು ವರ್ಷದಿಂದ ಗಾಡಿ ಓಡಿಸಿದವರು. ಒಂದು ಬೆಳಿಗ್ಗೆ ಕುವೆಂಪುನಗರದ ಮನೆಯಿಂದ ದೇವರಾಜ ಮಾರುಕಟ್ಟೆಗೆಂದು ಹೊರಟವರು ನಂಜನಗೂಡು ರಸ್ತೆಯ ಬಂಡಿಪಾಳ್ಯದಲ್ಲಿ, ಪೆಟ್ರೋಲ್ ಬಂಕೊಂದರ ಮುಂದೆ ಕಾರು ನಿಲ್ಲಿಸಿಕೊಂಡು ಕೂತಿದ್ದರಂತೆ. ಬಂಕಿನ ಹುಡುಗರೇ ಮನೆಗೆ ಫೋನ್ ಮಾಡಿದರು. ದೊಡ್ಡಮ್ಮ ಇದನ್ನು ಆರು ತಿಂಗಳು ಯಾರಿಗೂ ಹೇಳಲಿಲ್ಲ. "ದೂರದಲ್ಲಿರೋ ಮಕ್ಕಳಿಗೆ ಯಾಕಪ್ಪಾ ಗಾಬರಿ ಮಾಡೋದು? ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇವರಿಗೆ ಎಪ್ಪತ್ತೆರಡಾಯ್ತು." ಅಬುಧಾಬಿಯಲ್ಲಿರುವ ಅವರ ಮಗನಿಗೆ, ಅಂದರೆ ನನ್ನ ಅಣ್ಣನಿಗೆ, ಗೊತ್ತಾದದ್ದು ರಜೆಗೆ ಹೋದಾಗ. ಗೇಟಿನ ಕಂಬದಲ್ಲಿ ಕಾರಿನ ಬಣ್ಣ, ಕಾರಿನ ಎಡಭಾಗದಲ್ಲಿ ಕಂಬದ ಸುಣ್ಣ!

ಆ ಗಾದೆಯ ಮೇಲೆ ನನಗೆ ಸಿಟ್ಟಿದೆ. ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದು ಕಾಯಿಲೆಯನ್ನೇ ಮುಚ್ಚಿಬಿಡುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಕಾಣೆಯಾದಾಗ ನಾವೆಲ್ಲ ಕಣ್ಣೊರೆಸಿಕೊಂಡವರೇ. ಆದರೆ ಅಲ್ಲಿ ಅವರು ನಡೆದು ಹೋಗುತ್ತಾರೆ. ಸ್ಟೀರಿಂಗ್ ಹಿಡಿದು ಹೊರಟವರ ಕಥೆ ಬೇರೆ.

ವಿಚಿತ್ರವೆಂದರೆ, ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಇವೆಲ್ಲ ಕೈಕಾಲಿಗೆ ಅಂಟಿದ ವಿದ್ಯೆ. ಹೆಸರು, ತಾರೀಖು ಮರೆತ ಮೇಲೂ ಅದು ಬಹುಕಾಲ ಉಳಿಯುತ್ತದೆ. ಹೋಗುವುದು ಬೇರೆಯದು. ಎದುರಿನ ಬಸ್ಸು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂಬ ಅಂದಾಜು, ಒಂದೇ ಹೊತ್ತಿಗೆ ಸಿಗ್ನಲ್ಲು, ಸೈಕಲ್ಲು, ದನ ಮೂರನ್ನೂ ಗಮನಿಸುವ ಶಕ್ತಿ, ತಕ್ಷಣದ ತೀರ್ಮಾನ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಕೀಬೋರ್ಡು, ಮೌಸು ಸರಿಯಾಗಿಯೇ ಇವೆ, ಒಳಗಿನ ಪ್ರೊಸೆಸರ್ ತಡವರಿಸುತ್ತಿದೆ. ತಾನು ತಡವರಿಸುತ್ತಿದ್ದೇನೆ ಎಂಬ ಅರಿವನ್ನೂ ಕಾಯಿಲೆ ಎಷ್ಟೋ ಸಲ ಕಿತ್ತುಕೊಳ್ಳುತ್ತದೆ. ಅಮೆರಿಕದ ನರವೈದ್ಯರ ಅಕಾಡೆಮಿ 2010ರಲ್ಲಿ ಕೊಟ್ಟ ಮಾರ್ಗಸೂಚಿ ಇದನ್ನೇ ಹೇಳುತ್ತದೆ: "ನಾನು ಚೆನ್ನಾಗಿಯೇ ಓಡಿಸುತ್ತೇನೆ" ಎಂದು ರೋಗಿ ಹೇಳಿದರೆ ಅದನ್ನು ನೆಚ್ಚುವಂತಿಲ್ಲ, ಜೊತೆಯಲ್ಲಿರುವವರಿಗೆ ಭಯವಾಗುತ್ತಿದೆ ಎಂದರೆ ಅದಕ್ಕೆ ಬೆಲೆಯಿದೆ. ಹಾಗೆಂದು ರೋಗ ಪತ್ತೆಯಾದ ದಿನವೇ ಎಲ್ಲರ ಕೀ ಕಸಿಯಬೇಕೆಂದಲ್ಲ. ಆರಂಭದ ಹಂತದಲ್ಲಿ ರಸ್ತೆಯ ಪರೀಕ್ಷೆ ಪಾಸಾಗುವವರು ಅನೇಕರಿದ್ದಾರೆ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಅವರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕು, ಅಷ್ಟೆ.

ಲೈಸೆನ್ಸ್ ಕೊಡುವವರು ಹಿಡಿಯುವುದಿಲ್ಲವೇ ಅಂತ ಕೇಳಬಹುದು. 2019ರ ತಿದ್ದುಪಡಿಯ ನಂತರ ನಮ್ಮಲ್ಲಿ 55 ದಾಟಿದವರಿಗೆ ಲೈಸೆನ್ಸ್ ಐದು ವರ್ಷಕ್ಕೆ ನವೀಕರಣವಾಗುತ್ತದೆ, ಜೊತೆಗೆ ಫಾರಂ 1ಎ ಎಂಬ ವೈದ್ಯರ ಸರ್ಟಿಫಿಕೇಟು ಬೇಕು. ಅದು ಸಿಗುವ ಪರಿ ನಿಮಗೆ ಗೊತ್ತೇ ಇದೆ. ಅಲ್ಲದೆ ಐದು ವರ್ಷವೆಂದರೆ ಈ ಕಾಯಿಲೆಗೆ ಬಹಳ ದೊಡ್ಡ ಅವಧಿ. ಮೋಟಾರು ವಾಹನ ಕಾಯಿದೆಯ 16ನೇ ಕಲಂ ಪ್ರಕಾರ ರೋಗದ ಕಾರಣಕ್ಕೆ ಆರ್‌ಟಿಓ ಯಾವಾಗ ಬೇಕಾದರೂ ಲೈಸೆನ್ಸ್ ರದ್ದು ಮಾಡಬಹುದು. ಆದರೆ ಅಪ್ಪನ ಮೇಲೆ ಅರ್ಜಿ ಕೊಡುವ ಮಗ ಯಾರು? ಬ್ರಿಟನ್ನಿನಲ್ಲಿ ಡಿಮೆನ್ಷಿಯಾ ಎಂದು ಗೊತ್ತಾದರೆ ಲೈಸೆನ್ಸ್ ಇಲಾಖೆಗೆ ತಿಳಿಸಲೇಬೇಕು, ತಿಳಿಸದಿದ್ದರೆ 1000 ಪೌಂಡ್‌ವರೆಗೆ ದಂಡ. ಜಪಾನಿನಲ್ಲಿ 75 ದಾಟಿದವರಿಗೆ ನವೀಕರಣದ ಹೊತ್ತಿಗೆ ನೆನಪು, ಗ್ರಹಿಕೆಯ ಪರೀಕ್ಷೆ 2009ರಿಂದಲೇ ಇದೆ. ಇಲ್ಲಿ ದುಬೈಯಲ್ಲಿ ನವೀಕರಣಕ್ಕೆ ಕಣ್ಣಿನ ಪರೀಕ್ಷೆ ಮಾಡುತ್ತಾರೆ. ಕಣ್ಣು ಅಕ್ಷರ ಓದುತ್ತದೆ ಸರಿ, ಶೇಖ್ ಝಾಯೆದ್ ರೋಡಿನಲ್ಲಿ ಯಾವ ಎಕ್ಸಿಟ್ ಹಿಡಿಯಬೇಕೆಂದು ಅದು ಹೇಳುವುದಿಲ್ಲ.

ದೊಡ್ಡಪ್ಪನ ಮನೆಯಲ್ಲಿ ಮೊದಲು ಆದದ್ದು ಜಗಳ. ಅಣ್ಣ ಕೀ ಬಚ್ಚಿಟ್ಟ, ಬ್ಯಾಟರಿ ವೈರ್ ಕಳಚಿದ. ದೊಡ್ಡಪ್ಪ ಮೆಕ್ಯಾನಿಕ್‌ನನ್ನು ಕರೆಸಿ ಸರಿಮಾಡಿಸಿದರು! ಕೊನೆಗೆ ಕೆಲಸ ಮಾಡಿದ್ದು ನರರೋಗ ತಜ್ಞರ ಚೀಟಿ. ಔಷಧಿಗಳ ಕೆಳಗೆ "ವಾಹನ ಚಾಲನೆ ಬೇಡ" ಎಂದು ಬರೆದು ಸಹಿ ಹಾಕಿ ಕೊಟ್ಟರು. ಬ್ಯಾಂಕಿನಲ್ಲಿ ಬದುಕು ಕಳೆದವರಿಗೆ ಬರಹದಲ್ಲಿದ್ದ ಆದೇಶಕ್ಕೆ ಬೆಲೆ ಇತ್ತು. ಮಗ ಹೇಳಿದರೆ ಅವಮಾನ, ಡಾಕ್ಟರು ಬರೆದರೆ ಪಥ್ಯ. ಅಣ್ಣ ಕಾರು ಮಾರಿಸಿದ. ಕಣ್ಣೆದುರು ನಿಂತ ಕಾರು ದಿನಾ ಕರೆಯುತ್ತದೆ ಎಂದು ಡಾಕ್ಟರೇ ಹೇಳಿದ್ದರಂತೆ. ಬೀದಿಯ ಪರಿಚಿತ ಆಟೋದವನಿಗೆ ತಿಂಗಳ ಲೆಕ್ಕ ಗೊತ್ತು ಮಾಡಿದ. ಪೆಟ್ರೋಲು, ಇನ್ಶೂರೆನ್ಸು, ಸರ್ವೀಸಿಂಗ್ ಕೂಡಿ ನೋಡಿದರೆ ಆಟೋನೇ ಅಗ್ಗ. ಮಾರುಕಟ್ಟೆ, ದೇವಸ್ಥಾನ, ಹಳೆಯ ಗೆಳೆಯರ ಮನೆ ಯಾವುದೂ ತಪ್ಪಿಲ್ಲ. ಇದು ಬಹಳ ಮುಖ್ಯ. ಕಾರು ಹೋಯಿತೆಂದು ಮನೆಯೊಳಗೆ ಕೂತವರು ಬೇಗ ಕುಗ್ಗುತ್ತಾರೆ.

ಈ ರಜೆಯಲ್ಲಿ ಒಂದು ದಿನ ಕೀ ಅಪ್ಪನ ಕೈಯಲ್ಲೇ ಇರಲಿ, ನೀವು ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಪರಿಚಿತ ತಿರುವಿನಲ್ಲಿ ಅನುಮಾನಿಸುತ್ತಾರೆಯೇ, ಹಸಿರು ಸಿಗ್ನಲ್‌ನಲ್ಲಿ ನಿಲ್ಲಿಸುತ್ತಾರೆಯೇ, ಹಿಂದಿನವರು ಪದೇ ಪದೇ ಹಾರ್ನ್ ಹೊಡೆಯುತ್ತಾರೆಯೇ ನೋಡಿ (ನಮ್ಮೂರಲ್ಲಿ ಹಾರ್ನ್ ಒಂದೇ ಸಾಕ್ಷಿಯಾಗದು ಅನ್ನಿ). ಅಮ್ಮ ಆ ಕಾರಿನಲ್ಲಿ ಕೂರಲು ಹಿಂಜರಿಯುತ್ತಿದ್ದರೆ ಅಡುಗೆಮನೆಯಲ್ಲಿ ಒಂಟಿಯಾಗಿ ಸಿಕ್ಕಾಗ ಕಾರಣ ಕೇಳಿ. ಇನ್ನು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬರುವ ಅಪ್ಪಂದಿರು ಊರಿನಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬರುವುದುಂಟು. ಇಲ್ಲಿ ಸ್ಟೀರಿಂಗ್ ಎಡಕ್ಕೆ, ಗಾಡಿ ಬಲಕ್ಕೆ, ರೌಂಡ್‌ಅಬೌಟ್ ಸುತ್ತುವುದೂ ತಿರುಗುಮುರುಗು. ನಲವತ್ತು ವರ್ಷ ಕೈಕಾಲಿಗೆ ಅಂಟಿದ ಆ ವಿದ್ಯೆ ಇಲ್ಲಿ ಉಲ್ಟಾ ಹೊಡೆಯುತ್ತದೆ. ಅವರಿಗೆ ಮೆಟ್ರೋದ ನೋಲ್ ಕಾರ್ಡ್ ಕೊಡಿಸಿ, ಮೊದಲ ಕೆಲವು ದಿನ ಜೊತೆಗೆ ಹೋಗಿ.

ಊರಲ್ಲಿ ಹಿರಿಯರಿಗೆ ತೊಂದರೆಯಾದರೆ ಕೇಂದ್ರ ಸರ್ಕಾರದ ಉಚಿತ ಎಲ್ಡರ್ ಲೈನ್ 14567 ಇದೆ. ಅಮ್ಮನ ಮೊಬೈಲಿನಲ್ಲಿ ಸೇವ್ ಮಾಡಿಕೊಟ್ಟು ಬನ್ನಿ.